ಫರಸಿ ಮೇಲೆ ಬರೆದ ಹೋಟೆಲು

ವಾಡಿ ಜಂಕ್ಷನ್ನಿನಲ್ಲಿ ಇಳಿದು ಯಾರನ್ನಾದರೂ “ಅರಬ್ಬಿ ಬಾಯಿ ಮನಿ ಎಲ್ಲದರಿ?” ಎಂದು ಕೇಳಿ ನೋಡಿ. ಚಹಾ ಕಾಸುವವನು ಕೈಯಲ್ಲಿದ್ದ ಸೌಟನ್ನೇ ಎತ್ತಿ ದಾರಿ ತೋರಿಸುತ್ತಾನೆ. ಆಟೋದವನು ಮನೆ ಎದುರಿನ ಓಣಿಯಲ್ಲೇ ಇದೆ ಎಂದು ಗೊತ್ತಿದ್ದೂ ನಿಮ್ಮನ್ನು ಹತ್ತಿಸಿಕೊಂಡು ಊರು ಒಂದು ಸುತ್ತು ಹಾಕಿಸುತ್ತಾನೆ. ಆ ಮನೆಗೆ ಬೋರ್ಡಿಲ್ಲ, ಬಾಗಿಲ ಹೊರಗೆ ಬಿದ್ದಿರುವ ಚಪ್ಪಲಿ ರಾಶಿಯೇ ಬೋರ್ಡು. ಒಳಗೆ ಇಣುಕಿದರೆ ನೆಲದ ತುಂಬ ಸೀಮೆಸುಣ್ಣದ ಗೆರೆಗಳು, ಗೆರೆಗಳ ನಡುವೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತ ಐವತ್ತೆರಡು ವರ್ಷದ ರತ್ನಾಬಾಯಿ. ಈಕೆಗೆ ಅರಬ್ಬಿಯ ಒಂದಕ್ಷರವೂ ಓದಲು ಬರುವುದಿಲ್ಲ. ಹಾಗಿದ್ದೂ ಸೇಡಂ, ಚಿತ್ತಾಪುರ, ಶಹಾಬಾದ, ಚಿಂಚೋಳಿ ಕಡೆಯ ಜನ ಬಸ್ಸು ಹತ್ತಿ, ರೈಲು ಹತ್ತಿ ಅರಬ್ಬಿ ಕಲಿಯಲು ಇವಳ ಮನೆಗೇ ಬರುತ್ತಾರೆ.

ಇದನ್ನು ಕೇಳಿ ಓದಿದವರು ಮೂಗು ಮುರಿಯುತ್ತಾರೆ. ಮುರಿಯಲಿ ಬಿಡಿ. ಮಾತು ಮೊದಲೋ ಅಕ್ಷರ ಮೊದಲೋ ಎಂದು ತಮ್ಮ ಹೆತ್ತವ್ವನನ್ನು ಕೇಳಿದರೆ ಅವರಿಗೇ ಉತ್ತರ ಸಿಗುತ್ತದೆ.

ರತ್ನಾಬಾಯಿ ಹುಟ್ಟಿದ್ದು ಭೀಮಾ ದಂಡೆಯ ಸನ್ನತಿಯಲ್ಲಿ. ಅಪ್ಪ ಭೀಮಶ್ಯಾ ದೋಣಿ ನಡೆಸುತ್ತಿದ್ದ. ಚಂದ್ರಲಾಂಬೆಯ ದರ್ಶನಕ್ಕೆ ಬರುವ ಮಂದಿಯಲ್ಲಿ ಮರಾಠಿಯವರಿದ್ದರು, ತೆಲುಗಿನವರಿದ್ದರು, ದಖ್ಖನಿ ಆಡುವವರೂ ಇದ್ದರು. ಭೀಮಶ್ಯಾ ಹುಟ್ಟು ಹಾಕುತ್ತ ಅವರವರ ಮಾತಿನಲ್ಲೇ ಅವರವರ ಮನೆ, ಮಕ್ಕಳು, ಬೆಳೆಯನ್ನು ವಿಚಾರಿಸುತ್ತಿದ್ದ. ದೋಣಿಯ ಮೂಲೆಯಲ್ಲಿ ಕುಳಿತು ನೀರು ಮೊಗೆದು ಚೆಲ್ಲುವುದು ರತ್ನಿಯ ಕೆಲಸ. ಒಮ್ಮೆ ಆಕೆ ಕೇಳಿದಳು, “ಯಪ್ಪಾ, ಇಷ್ಟ್ಯಾಕ ಮಾತಾಡ್ತಿ ಎಲ್ಲಾರ ಜೋಡಿ?”

“ದ್ವಾಣ್ಯಾಗ ಕುಂತವ್ರ ಮಾತು ನಮಗ ಬಂದ್ರ ಅವ್ರು ಹೆದರಂಗಿಲ್ಲವ್ವಾ,” ಎಂದ ಭೀಮಶ್ಯಾ. “ಹೆದರದ ಮಂದಿ ಕುಂತ್ರ ದ್ವಾಣಿ ಅಲಗಾಡಂಗಿಲ್ಲ.”

ಅಲ್ಲಿಗೆ ಆಕೆಯ ವಿದ್ಯಾಭ್ಯಾಸ ಮುಗಿಯಿತು ಎನ್ನಬಹುದು. ಕನ್ನಡ ಶಾಲೆಯ ನಾಲ್ಕನೇ ತರಗತಿ ಅದಕ್ಕಿಂತ ಮೊದಲೇ ಮುಗಿದಿತ್ತು.

ಮದುವೆಯಾಗಿ ಬಂದದ್ದು ವಾಡಿಗೆ. ಗಂಡ ದತ್ತು ಸ್ಟೇಷನ್ನಿನ ಹೊರಗೆ ಚಹಾ ಮಾರುವವ. ಬಂಗಾರದಂಥ ಮನುಷ್ಯ, ಆದರೆ ಉದ್ರಿ ಕೇಳಿದವರಿಗೆ ಇಲ್ಲ ಅನ್ನಲು ಬಾಯಿ ಬಾರದು. ಅಂಥವನ ಅಂಗಡಿ ಎಷ್ಟು ದಿನ ನಡೆದೀತು? ಎರಡು ಮಕ್ಕಳಾದ ಮೇಲೆ ಯಾರಾದರೊಬ್ಬರು ದೂರ ದುಡಿಯಲು ಹೋಗಲೇಬೇಕು ಎಂದಾಯಿತು. “ನಾ ಹೋದ್ರ ಮೂರ ದಿನಕ್ಕ ಅಳಕೋತ ಬರ್ತೀನಿ, ನೀನು ಹೋಗು, ಮಕ್ಕಳನ್ನ ನಾ ನೋಡ್ಕೋತೀನಿ,” ಎಂದು ದತ್ತುವೇ ಹೇಳಿದ. ಊರು ನಕ್ಕಿತು. ಅವನು ನಕ್ಕವರಿಗೂ ಚಹಾ ಕಾಸಿ ಕೊಟ್ಟ. ಎರಡು ವರ್ಷಕ್ಕೆಂದು ಮಸ್ಕತ್ತಿಗೆ ಹೋದ ರತ್ನಾಬಾಯಿ ಹದಿನಾರು ವರ್ಷ ಅಲ್ಲೇ ಉಳಿದಳು.

ಅಲ್ಲಿನ ಮುತ್ರಾ ಎಂಬ ಹಳೆಯ ಬಂದರು ಪೇಟೆಯ ಹೋಟೆಲಿನಲ್ಲಿ ಕೋಣೆ ಗುಡಿಸುವ ಕೆಲಸ. ಮೊದಲ ತಿಂಗಳು ಆಕೆಗೆ ಗೊತ್ತಿದ್ದ ಅರಬ್ಬಿ ಎಂದರೆ ತಲೆಯಾಡಿಸುವುದು. “ಕೋಣೆಯಲ್ಲಿ ಹಾವು ಬಂದಿದೆಯೇ?” ಎಂದು ಕೇಳಿದ್ದರೂ ಹೂಂ ಎಂದು ತಲೆಯಾಡಿಸುತ್ತಿದ್ದಳೋ ಏನೋ. ಆಮೇಲೆ ಅಪ್ಪನ ದೋಣಿ ನೆನಪಾಯಿತು. ಕೋಣೆಗೊಂದು ಮಾತು ಎಂದು ಹಟ ಹಿಡಿದಳು. ಒಂದು ಕೋಣೆ ಗುಡಿಸಿ ಮುಗಿಯುವುದರೊಳಗೆ ಅಲ್ಲಿದ್ದವರಿಂದ ಒಂದು ಹೊಸ ಮಾತು ಕೇಳಿ ಕಲಿಯಬೇಕು, ಮುಂದಿನ ಕೋಣೆಯಲ್ಲಿ ಅದನ್ನು ಬಳಸಬೇಕು. ತಪ್ಪಾದರೆ ಅವರೇ ನಕ್ಕು ತಿದ್ದುತ್ತಿದ್ದರು. ನಾಲ್ಕನೇ ವರ್ಷಕ್ಕೆ ಇಡೀ ಮಹಡಿಯ ಮೇಲ್ವಿಚಾರಣೆ ಆಕೆಯದಾಯಿತು. ಬಂದ ಕುಟುಂಬಗಳು “ರತ್ನಾ ಎಲ್ಲಿ?” ಎಂದೇ ಒಳಗೆ ಕಾಲಿಡುತ್ತಿದ್ದವು.

ಮೊಣಕಾಲು ಕೈಕೊಟ್ಟ ಮೇಲೆ ಊರಿಗೆ ಮರಳಿದಳು. ಅಷ್ಟರಲ್ಲಿ ಹೈದರಾಬಾದು ಬೇರೆಯೇ ಆಗಿತ್ತು. ಒಮಾನ್, ಯೆಮೆನ್ ಕಡೆಯ ಜನ ಕುಟುಂಬಸಮೇತ ಔಷಧೋಪಚಾರಕ್ಕೆಂದು ಬಂದು ತಿಂಗಳುಗಟ್ಟಲೆ ಹೋಟೆಲುಗಳಲ್ಲಿ ಉಳಿಯುತ್ತಿದ್ದರು, ಚಾರ್ಮಿನಾರು ನೋಡುತ್ತಿದ್ದರು, ಬಳೆ ಬಟ್ಟೆ ಕೊಳ್ಳುತ್ತಿದ್ದರು. ಪಕ್ಕದ ಮನೆಯ ಭಾಗ್ಯಜ್ಯೋತಿ ಅಂಥ ಒಂದು ಹೋಟೆಲಿಗೆ ಸೇರಿ, ಹದಿನೈದೇ ದಿನಕ್ಕೆ ಅಳುತ್ತ ಬಂದಳು. ಅತಿಥಿಗಳ ಮಾತು ಅವಳಿಗೆ ತಿಳಿಯದು, ಅವಳದು ಅವರಿಗೆ ತಿಳಿಯದು. ರತ್ನಾಬಾಯಿ ಅವಳನ್ನು ಎಂಟು ದಿನ ಮನೆಯಲ್ಲೇ ಕೂಡಿಹಾಕಿಕೊಂಡು ಕಲಿಸಿ ಕಳಿಸಿದಳು. ಆರು ತಿಂಗಳಲ್ಲಿ ಭಾಗ್ಯಜ್ಯೋತಿ ಸ್ವಾಗತ ಕಟ್ಟೆಯಲ್ಲಿ ನಿಂತಿದ್ದಳು. ಸುದ್ದಿ ರೈಲಿಗಿಂತ ಬೇಗ ಸೇಡಂ ಮುಟ್ಟಿತು, ಜನ ಬರತೊಡಗಿದರು.

ಕಲಿಸುವುದು ಹೇಗೆ? ಪುಸ್ತಕ ಓದಲು ತನಗೇ ಬಾರದು. ಮನೆಯಲ್ಲಿ ಇದ್ದದ್ದು ನೆಲ, ಶಹಾಬಾದ ಫರಸಿಯ ಬೂದು ಕಲ್ಲಿನ ನೆಲ. ಅದರ ಮೇಲೆ ಸೀಮೆಸುಣ್ಣದಿಂದ ಒಂದು ಹೋಟೆಲನ್ನೇ ಬರೆದುಬಿಟ್ಟಳು. ಇದು ಬಾಗಿಲು, ಇದು ಸ್ವಾಗತ ಕಟ್ಟೆ, ಇದು ಮಂಚ, ಇದು ಬಚ್ಚಲು, ಇದು ನಮಾಜಿಗೆ ದಿಕ್ಕು ತೋರಿಸುವ ಗುರುತು. ಕಲಿಯುವವರು ಚಪ್ಪಲಿ ಬಿಟ್ಟು ಆ ಹೋಟೆಲಿನೊಳಗೆ ನಡೆಯಬೇಕು. ಬಾಗಿಲಲ್ಲಿ ನಿಂತರೆ ಬಾಗಿಲ ಮಾತು, ಮಂಚದ ಬಳಿ ಬಂದರೆ ಮಂಚದ ಮಾತು. ತಪ್ಪು ಹೇಳಿದವರು ಗೆರೆ ದಾಟಿ ಹೊರಗೆ, ಮತ್ತೆ ಬಾಗಿಲಿನಿಂದ ಒಳಗೆ. “ಮಾತು ತಲ್ಯಾಗ ಇಟಗೊಂಡ್ರ ಕಳಕೋತೀರಿ,” ಎನ್ನುತ್ತಿದ್ದಳು. “ಕಾಲಾಗ ಇಟಗೋರಿ. ಕಾಲು ಎಲ್ಲಿ ಹೋಗ್ತದ, ಮಾತು ಅಲ್ಲಿ ಬರ್ತದ.”

ಎಲ್ಲ ಸರಿಯಿತ್ತು, ಒಂದು ಕಾಗದದ ಹೊರತು. ಎಷ್ಟು ಚೆನ್ನಾಗಿ ಮಾತಾಡಿದರೂ ಸರ್ಟಿಫಿಕೇಟು ಇಲ್ಲದವರನ್ನು ದೊಡ್ಡ ಹೋಟೆಲುಗಳು ಪಾತ್ರೆ ತೊಳೆಯಲು ಹಚ್ಚುತ್ತಿದ್ದವು. ಹೀಗಿರುವಾಗ ಚಿತ್ತಾಪುರದಲ್ಲಿ ಹೊಸ ತರಬೇತಿ ಕೇಂದ್ರವೊಂದು ಬಂತು. ಪ್ರವಾಸೋದ್ಯಮಕ್ಕಾಗಿ ಅರಬ್ಬಿ, ಆರು ತಿಂಗಳು, ಕೊನೆಗೆ ಮುದ್ರೆ ಒತ್ತಿದ ಸರ್ಟಿಫಿಕೇಟು. ಶಿಕ್ಷಕರು ಬೇಕಾಗಿದ್ದಾರೆ. ರತ್ನಾಬಾಯಿ ಅರ್ಜಿ ಹಾಕಿದಳು. ಈ ಕೆಲಸ ಆಕೆಗೆ ಬೇಕೇಬೇಕಿತ್ತು, ಅದನ್ನು ಮುಚ್ಚಿಡುವ ಸ್ವಭಾವವೂ ಆಕೆಯದಲ್ಲ. ಅಲ್ಲಿ ಬೇರೆ ಯಾರೋ ಬಂದರೆ ಮಂದಿಯೆಲ್ಲ ಸರ್ಟಿಫಿಕೇಟಿಗಾಗಿ ಅಲ್ಲಿಗೇ ಹೋಗುತ್ತಾರೆ, ಹೋಗಬೇಕಾದ್ದೂ ಹೌದು. ಆಮೇಲೆ ಈ ಮನೆಯ ಗೆರೆಗಳನ್ನು ಒರೆಸಿ ಹಾಕುವುದೊಂದೇ ಉಳಿಯುತ್ತದೆ.

ಕೇಂದ್ರದ ಸಾಹೇಬರು ಕೆಟ್ಟವರಲ್ಲ, ಆದರೆ ಕಾಗದ ನಂಬಿ ಬದುಕಿದವರು. ಅರ್ಜಿ ನೋಡಿ, ಶಹಾಬಾದಿನ ಅಬ್ದುಲ್ ಮಜೀದರನ್ನು ಪರೀಕ್ಷೆ ಮಾಡಲು ಕಳಿಸಿದರು. ಮಜೀದರು ನಿವೃತ್ತ ಉರ್ದು ಮಾಸ್ತರರು, ಐವತ್ತು ವರ್ಷದಿಂದ ಅರಬ್ಬಿ ಗ್ರಂಥ ಓದಿದವರು. ಬಿಳಿ ಗಡ್ಡ, ಇಸ್ತ್ರಿ ಮುರಿಯದ ಶೇರವಾನಿ. ಬಂದು ಕುಳಿತವರೇ ಚೀಲದಿಂದ ಪುಸ್ತಕ ತೆಗೆದು ಒಂದು ಸಾಲು ತೋರಿಸಿದರು.

“ಇದು ಓದ್ರಿ ಬಾಯಿಯವ್ರೇ.”

“ಬರಂಗಿಲ್ರಿ ಮಾಸ್ತರ್ ಸಾಬ್ರೇ.”

“ಇದು?”

“ಅದೂ ಬರಂಗಿಲ್ರಿ. ನೀವು ಪುಸ್ತಕಾ ತಲಿಕೆಳಗ ಹಿಡಿದ್ರೂ ನನಗ ಗೊತ್ತಾಗಂಗಿಲ್ಲ.”

ಮಜೀದರು ನಿಟ್ಟುಸಿರು ಬಿಟ್ಟು ಪುಸ್ತಕ ಮುಚ್ಚಿದರು. ಓದಲು ಬರುವುದಿಲ್ಲ ಎಂದು ಬರೆಯದೆ ಬೇರೆ ದಾರಿಯಿರಲಿಲ್ಲ. ಹೊರಡುವ ಮೊದಲು ಮರ್ಯಾದೆಗೆಂದು ಶುದ್ಧ ಅರಬ್ಬಿಯಲ್ಲಿ ಒಂದು ಲೋಟ ನೀರು ಕೇಳಿದರು. ರತ್ನಾಬಾಯಿ ಎದ್ದು ನೀರು ಕೊಟ್ಟಳು. ಕೊಡುತ್ತ, ಮುತ್ರಾದ ಅರಬ್ಬಿಯಲ್ಲಿ, ಬಿಸಿಲಲ್ಲಿ ಬಂದಿದ್ದೀರಿ, ಕಾಲು ಚಾಚಿ ಕೂಡಿ, ಮನೆಯಲ್ಲಿ ಎಲ್ಲರೂ ಕ್ಷೇಮವೇ, ಊಟ ಮಾಡದೆ ಹೋದರೆ ನಾನು ಬಿಡುವವಳಲ್ಲ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟಳು. ಮಜೀದರಿಗೆ ಅದರಲ್ಲಿ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ನೀರನ್ನು ಪೂರ್ತಿ ಕುಡಿದು ಲೋಟ ಕೆಳಗಿಟ್ಟರು.

“ಐವತ್ತು ವರ್ಷ ಈ ಜುಬಾನ್ ಓದೀನಿ ಬಾಯಿ,” ಎಂದರು. “ಇದರಾಗ ನನಗ ಇಲ್ಲೀತನಾ ಒಬ್ಬರೂ ನೀರು ಕೊಟ್ಟಿದ್ದಿಲ್ಲ ನೋಡ್ರಿ.”

ಅವರು ವರದಿಯಲ್ಲಿ ಇದ್ದದ್ದನ್ನೇ ಬರೆದರು. ಓದಲು ಬರುವುದಿಲ್ಲ ಎಂದು ಬರೆದರು, ಅದರ ಕೆಳಗೆ, ಇವರು ಆಡುವುದನ್ನು ನನಗೆ ಆಡಲು ಬರುವುದಿಲ್ಲ ಎಂದೂ ಬರೆದು ಸಹಿ ಹಾಕಿದರು. ಸಾಹೇಬರು ಇಂಥ ವರದಿಯನ್ನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಯೋಚಿಸಿ ಯೋಚಿಸಿ ಒಂದು ದಾರಿ ಹುಡುಕಿದರು. ಹೈದರಾಬಾದಿನ ಹೋಟೆಲಿನವರನ್ನೇ ಕರೆಸೋಣ. ಈ ಬಾಯಿ ಕಲಿಸಿದ ಹತ್ತು ಮಂದಿಯನ್ನು ಅವರ ಮುಂದೆ ನಿಲ್ಲಿಸೋಣ. ಆರು ಮಂದಿ ಆಯ್ಕೆಯಾದರೆ ಈಕೆಯೇ ಶಿಕ್ಷಕಿ, ಒಬ್ಬರು ಕಡಿಮೆಯಾದರೂ ಇಲ್ಲ.

ಒಂದು ತಿಂಗಳಿತ್ತು. ಫರಸಿ ಮೇಲಿನ ಹೋಟೆಲಿನಲ್ಲಿ ದಿನವಿಡೀ ಓಡಾಟ. ಮಜೀದರೂ ಶಹಾಬಾದಿನಿಂದ ಬಂದು, ಶೇರವಾನಿ ಕಳಚಿಟ್ಟು, ಅತಿಥಿಯ ಪಾತ್ರ ವಹಿಸುತ್ತಿದ್ದರು. ಅವರು ಬಾಗಿಲಲ್ಲಿ ಸಿಟ್ಟು ಮಾಡಿದಂತೆ ನಟಿಸಿದರೆ ಕಲಿಯುವವರು ಅರಬ್ಬಿಯಲ್ಲಿ ಸಮಾಧಾನ ಹೇಳಬೇಕು. ಮುದುಕರಿಗೆ ಸಿಟ್ಟಿನ ನಟನೆ ಎಷ್ಟು ಹಿಡಿಸಿತೆಂದರೆ ಸಮಾಧಾನವಾಗಲು ಒಪ್ಪುತ್ತಲೇ ಇರಲಿಲ್ಲ.

ತೊಂದರೆ ಬಂದದ್ದು ಮಾತಿನಲ್ಲಲ್ಲ, ಕಾಫಿಯಲ್ಲಿ. ಅರಬ್ಬರ ಕಾಫಿಯನ್ನು ಉದ್ದ ಕೊಕ್ಕಿನ ಹೂಜಿಯಿಂದ ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಬಗ್ಗಿಸಿ ಕೊಡಬೇಕು. ಬಟ್ಟಲಿನ ತಳದಲ್ಲಿ ನಾಲ್ಕು ಗುಟುಕು ಮಾತ್ರ. ಮುಗಿದಂತೆ ಮತ್ತೆ ಮತ್ತೆ ಹಾಕಬೇಕು, ಸಾಕೆನಿಸಿದಾಗ ಅತಿಥಿ ಬಟ್ಟಲನ್ನು ಅಲುಗಿಸುತ್ತಾರೆ. ತುಂಬಿದ ಬಟ್ಟಲು ಕೊಟ್ಟರೆ, ಇದನ್ನು ಕುಡಿದು ಎದ್ದು ನಡೆ ಎಂದಂತೆ. ನಮ್ಮ ಕಡೆ ಇದಕ್ಕೆ ತಿರುವುಮುರುವು. ಅರ್ಧ ಕಪ್ಪು ಚಹಾ ಕೊಟ್ಟರೆ ಬೀಗರು ಅದನ್ನು ಸಾಯುವವರೆಗೂ ಮರೆಯುವುದಿಲ್ಲ. ಕಪ್ಪು ತುಂಬಿ ಕೆಳಗಿನ ಬಸಿಗೆ ಚೆಲ್ಲಿದರೇ ಅದು ಮರ್ಯಾದೆ.

ಹತ್ತು ಮಂದಿಯಲ್ಲಿ ಒಂಬತ್ತು ಮಂದಿ ಹೇಗೋ ಕೈ ತಿದ್ದಿಕೊಂಡರು. ಶಿವಕಾಂತಮ್ಮನ ಕೈ ಮಾತ್ರ ಬಗ್ಗಲಿಲ್ಲ. ಆಕೆ ಸೇಡಮ್ಮಿನವಳು, ನಲವತ್ತೊಂದು ವರ್ಷ, ಹದಿನೈದು ವರ್ಷ ಖಾನಾವಳಿ ನಡೆಸಿದವಳು. ದಾಸೋಹವೆಂದರೆ ಪ್ರಾಣ ಕೊಡುವ ಮನೆತನ. ಮಗಳು ಹೈದರಾಬಾದಿನಲ್ಲಿ ನರ್ಸಿಂಗ್ ಓದುತ್ತಿದ್ದಳು, ಮಗಳಿರುವ ಊರಿನಲ್ಲೇ ಕೆಲಸ ಸಿಕ್ಕರೆ ಸಾಕು ಎಂಬುದು ಆಕೆಯ ಆಸೆ. ಹೂಜಿ ಕೈಗೆ ಬಂದೊಡನೆ ಬಟ್ಟಲು ಕಂಠಮಟ್ಟ ತುಂಬುತ್ತಿತ್ತು.

“ಶಿವಕಾಂತವ್ವಾ, ಮತ್ತ ತುಂಬಿಸಿದಿ!”

“ಅಕ್ಕೋರೇ, ಮನಸು ತಡೀಲಿಕತ್ತೀನ್ರಿ, ಕೈ ನಿಲ್ಲವಲ್ದು. ಅರ್ಧ ಕೊಟ್ರ ಪಾಪ ಹತ್ತತದ ಅನಸ್ತದರಿ.”

ಹುಟ್ಟುಗುಣ ಸುಟ್ಟರೂ ಹೋಗದು ಎಂದು ದತ್ತು ನಗುತ್ತಿದ್ದ. ಅಭ್ಯಾಸಕ್ಕೆ ಹೂಜಿಯಲ್ಲಿ ಹಾಕುತ್ತಿದ್ದುದು ಅವನದೇ ಕರಿ ಚಹಾ. ಆಕೆಯನ್ನು ಬಿಟ್ಟು ಬೇರೆಯವರನ್ನು ಹಾಕಿಕೊಳ್ಳಿ ಎಂದು ಕೆಲವರು ಹೇಳಿದರು. ರತ್ನಾಬಾಯಿಗೂ ಒಂದೆರಡು ಸಲ ಹಾಗನಿಸಿತು, ಸುಳ್ಳೇಕೆ? ಆದರೆ ಅಷ್ಟು ಮಂದಿಯಲ್ಲಿ ಅತಿಥಿಯ ಮುಖ ನೋಡಿ ಮಾತಾಡುತ್ತಿದ್ದವಳು ಶಿವಕಾಂತಮ್ಮ ಒಬ್ಬಳೇ, ಉಳಿದವರು ಪಾಠ ನೋಡಿ ಮಾತಾಡುತ್ತಿದ್ದರು. “ಕೈ ತಪ್ಪಿದ್ರ ಮುಚ್ಚಿಡಬ್ಯಾಡ,” ಎಂದಷ್ಟೇ ಹೇಳಿದಳು. “ಬಾಯಿ ಅದ ಅಲ್ಲ? ಹೇಳು.”

ಆ ದಿನ ಬಂತು. ಚಿತ್ತಾಪುರದ ಕೇಂದ್ರದ ಹೊಸ ಸಭಾಂಗಣ, ಮುಖ ಕಾಣುವಷ್ಟು ಹೊಳೆಯುವ ಟೈಲ್ಸ್ ನೆಲ. ಸಾಹೇಬರು, ಮಜೀದರು, ಹೋಟೆಲಿನ ಮ್ಯಾನೇಜರು ಒಂದು ಸಾಲಿನಲ್ಲಿ. ನಡುವೆ, ಕಪ್ಪು ಅಬಾಯಾ ನಿಲುವಂಗಿ ತೊಟ್ಟ ಅರವತ್ತರ ಹೆಂಗಸು, ಉಮ್ಮ್ ರಾಶಿದ್. ಒಮಾನಿನವಳು, ಹೋಟೆಲಿನಲ್ಲಿ ಅರಬ್ಬಿ ಅತಿಥಿಗಳ ಮೇಲ್ವಿಚಾರಣೆ ಅವಳದು, ಆಯ್ಕೆಯ ಕೊನೆಯ ಮಾತೂ ಅವಳದೇ. ನಕ್ಕ ಗುರುತು ಮುಖದಲ್ಲಿ ಎಲ್ಲೂ ಇರಲಿಲ್ಲ. ಕಲಿಸಿದವರು ಹೊರಗಿರಬೇಕು ಎಂದು ನಿಯಮ. ರತ್ನಾಬಾಯಿ ಬಾಗಿಲ ಸಂದಿಯಲ್ಲಿ ಮುಖವಿಟ್ಟು ನಿಂತಳು.

ಮೊದಲ ಮೂವರು ಸಲೀಸಾಗಿ ದಾಟಿದರು. ನಾಲ್ಕನೆಯವನು ಒಳಗೆ ಹೋಗಿ ನಿಂತವನು ನಿಂತೇಬಿಟ್ಟ. ನೆಲದಲ್ಲಿ ಗೆರೆಯಿಲ್ಲ, ಕಾಲಿಗೆ ದಾರಿ ಸಿಗಲಿಲ್ಲ, ಮಾತೂ ಸಿಗಲಿಲ್ಲ. ಐದನೆಯವಳಿಗೂ ಅದೇ ಗತಿ. ರತ್ನಾಬಾಯಿ ಬಾಗಿಲ ಸಂದಿಯಿಂದ ನೆಲ ನೋಡಿದಳು. ಮಾತನ್ನು ಕಾಲಲ್ಲಿ ಇಟ್ಟುಕೊಳ್ಳಿ ಎಂದು ಕಲಿಸಿದವಳು ತಾನೇ, ಈ ಕನ್ನಡಿಯಂಥ ನೆಲ ಆಕೆಯ ಲೆಕ್ಕದಲ್ಲೇ ಇರಲಿಲ್ಲ. ಮುಂದಿನ ನಾಲ್ವರಲ್ಲಿ ಇಬ್ಬರು ದಾಟಿದರು, ಇಬ್ಬರು ತಡವರಿಸಿ ಹೊರಬಂದರು. ಒಂಬತ್ತು ಮಂದಿ ಮುಗಿದು ಐವರು ಆಯ್ಕೆ. ಉಳಿದವಳು ಒಬ್ಬಳೇ. ಸೀರೆಯ ನೆರಿಗೆ ಸರಿಪಡಿಸಿಕೊಂಡು ಶಿವಕಾಂತಮ್ಮ ಒಳಗೆ ನಡೆದಳು.

ಅವಳು ನೆಲ ನೋಡಲಿಲ್ಲ, ಅತಿಥಿಯಾಗಿ ಕುಳಿತ ಉಮ್ಮ್ ರಾಶಿದಳ ಮುಖ ನೋಡಿದಳು, ಸ್ವಾಗತ ಚೆನ್ನಾಗಿಯೇ ಆಯಿತು. ಕ್ಷೇಮಸಮಾಚಾರ, ಕೋಣೆಯ ಮಾತು, ಔಷಧಿ ಅಂಗಡಿಯ ದಾರಿ, ಎಲ್ಲ ಸರಿಹೋಯಿತು. ಬಳಿಕ ಕಾಫಿ. ಎಡಗೈಯಲ್ಲಿ ಹೂಜಿ, ಬಲಗೈಯಲ್ಲಿ ಬಟ್ಟಲು, ಹಿಡಿದ ರೀತಿಯೂ ಸರಿ. ಕಾಫಿ ಬಿತ್ತು, ಬಿದ್ದೇ ಬಿತ್ತು, ಬಟ್ಟಲ ಅಂಚಿಗೆ ಬಂದು ನಿಂತಿತು.

ಉಮ್ಮ್ ರಾಶಿದ್ ಬಟ್ಟಲು ತೆಗೆದುಕೊಳ್ಳಲಿಲ್ಲ. ಬಟ್ಟಲನ್ನೊಮ್ಮೆ, ಶಿವಕಾಂತಮ್ಮನನ್ನೊಮ್ಮೆ ನೋಡಿದಳು. ಮ್ಯಾನೇಜರು ಮುಖ ಆಚೆ ತಿರುಗಿಸಿದ. ಮುಗಿಯಿತು ಎಂದುಕೊಂಡಳು ರತ್ನಾಬಾಯಿ. ಮನೆಯ ನೆಲದ ಗೆರೆಗಳು ಕಣ್ಣೆದುರು ಬಂದವು.

ಶಿವಕಾಂತಮ್ಮ ಬಟ್ಟಲನ್ನು ಹಿಂದಕ್ಕೆ ಎಳೆಯಲಿಲ್ಲ. ನಿಧಾನವಾಗಿ, ಒಂದೊಂದೇ ಮಾತು ಜೋಡಿಸಿ, ಅರಬ್ಬಿಯಲ್ಲೇ ಹೇಳತೊಡಗಿದಳು. ಕನ್ನಡದಲ್ಲಿ ಹೇಳಿದರೆ ಅದು ಇಷ್ಟು:

“ಅವ್ವಾ, ತಪ್ಪಾಯಿತು, ಕ್ಷಮಿಸಿ. ನಿಮ್ಮ ಮನೆಯಲ್ಲಿ ಸ್ವಲ್ಪ ಹಾಕುತ್ತೀರಿ, ಅತಿಥಿ ಇನ್ನಷ್ಟು ಹೊತ್ತು ಇರಲಿ ಎಂದು. ನಮ್ಮ ಮನೆಯಲ್ಲಿ ತುಂಬ ಹಾಕುತ್ತೇವೆ, ಅತಿಥಿ ಕೊರತೆ ಇಟ್ಟುಕೊಂಡು ಹೋಗದಿರಲಿ ಎಂದು. ಮಾತು ನನಗೆ ನಮ್ಮ ಅಕ್ಕೋರು ಕಲಿಸಿದರು. ಕೈಗೆ ಕಲಿಸಿದ್ದು ನನ್ನ ಅಜ್ಜಿ. ಅಜ್ಜಿ ತೀರಿಕೊಂಡಿದ್ದಾಳೆ, ಅವಳಿಗೆ ಈಗ ಹೊಸದು ಹೇಳಿಕೊಡಲು ಆಗುತ್ತಿಲ್ಲ. ನೀವು ಇದನ್ನು ಕುಡಿದರೂ ಕುಳಿತೇ ಇರಿ, ಎದ್ದು ಹೋಗಬೇಡಿ.”

ಬಾಗಿಲ ಹಿಂದೆ ರತ್ನಾಬಾಯಿ ಸೆರಗನ್ನು ಬಾಯಿಗೊತ್ತಿಕೊಂಡಳು. ಈ ಮಾತುಗಳಲ್ಲಿ ಒಂದನ್ನೂ ಆಕೆ ಹಾಗೆ ಜೋಡಿಸಿ ಕಲಿಸಿರಲಿಲ್ಲ. ಬಾಗಿಲಿಂದ ಒಂದು, ಮಂಚದ ಬಳಿಯಿಂದ ಒಂದು, ಸಮಾಧಾನದ ಪಾಠದಿಂದ ಒಂದು ಆರಿಸಿಕೊಂಡು ಶಿವಕಾಂತಮ್ಮ ತನ್ನದೇ ಮಾತು ಕಟ್ಟಿದ್ದಳು. ಹದಿನಾರು ವರ್ಷ ಪರದೇಶದಲ್ಲಿ ದುಡಿದಾಗ ಆಗದ ಸಂತೋಷ ಆ ಕ್ಷಣ ಆಕೆಗಾಯಿತು.

“ಏನಂದ್ಲು? ಏನಂದ್ಲು?” ಎಂದು ಸಾಹೇಬರು ಮಜೀದರನ್ನು ತಿವಿದರು.

“ತಡೀರಿ ಸಾಹೇಬ್ರ,” ಎಂದು ಮಜೀದರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಕಿತಾಬಿನಾಗ ಇದು ಇಲ್ಲ.”

ಉಮ್ಮ್ ರಾಶಿದ್ ಕೈ ಚಾಚಿ ತುಂಬಿದ ಬಟ್ಟಲನ್ನು ತೆಗೆದುಕೊಂಡಳು. ಒಂದು ಹನಿ ಚೆಲ್ಲದಂತೆ ಪೂರ್ತಿ ಕುಡಿದಳು. ಕುಡಿದು ಬಟ್ಟಲನ್ನು ಅಲುಗಿಸಲಿಲ್ಲ, ಮತ್ತೆ ಮುಂದೆ ಚಾಚಿದಳು, ಇನ್ನಷ್ಟು ಹಾಕು ಎಂದು. ಆಗ ನಕ್ಕಳು. ಬೆಳಗಿನಿಂದ ತಡೆದಿಟ್ಟುಕೊಂಡಿದ್ದಳೇನೋ, ಸಭಾಂಗಣ ತುಂಬುವಂತೆ ನಕ್ಕಳು.

ಆರನೆಯ ಹೆಸರು ಬರೆಯಲಾಯಿತು. ಬಳಿಕ ಉಮ್ಮ್ ರಾಶಿದ್, ಕಲಿಸಿದವರನ್ನು ಕರೆಯಿರಿ ಎಂದಳು. ರತ್ನಾಬಾಯಿ ಮೊಣಕಾಲು ಹಿಡಿದುಕೊಂಡು ಒಳಗೆ ಬಂದು ಸಲಾಂ ಹೇಳಿ ಕ್ಷೇಮ ಕೇಳಿದಳು. ಎರಡೇ ಮಾತಿಗೆ ಉಮ್ಮ್ ರಾಶಿದ್ ಕುರ್ಚಿಯಿಂದ ಎದ್ದಳು.

“ನೀನು ಮುತ್ರಾದ ಯಾವ ಓಣಿಯವಳು?” ಎಂದು ಅರಬ್ಬಿಯಲ್ಲಿ ಕೇಳಿದಳು.

ರತ್ನಾಬಾಯಿ ಅರಬ್ಬಿಯಲ್ಲೇ ಉತ್ತರ ಕೊಟ್ಟಳು. “ನಾನು ಭೀಮಾ ದಂಡೆಯವಳು. ಅಂಬಿಗನ ಮಗಳು. ಮುತ್ರಾದಲ್ಲಿ ಹದಿನಾರು ವರ್ಷ ದೋಣಿ ಕಟ್ಟಿದ್ದೆ.” ಇಬ್ಬರೂ ನಿಂತಲ್ಲೇ ಬಂದರಿನ ಮೀನು ಮಾರುಕಟ್ಟೆ, ಸಂಜೆಯ ಗಾಳಿ, ಯಾವ ಅಂಗಡಿಯ ಖರ್ಜೂರ ಚೆನ್ನ ಎಂದು ಮಾತಿಗಿಳಿದರು. ಸಾಹೇಬರು ಎರಡು ಸಲ ಕೆಮ್ಮಿದರು, ಯಾರಿಗೂ ಕೇಳಿಸಲಿಲ್ಲ. ತಡವರಿಸಿದ ನಾಲ್ವರನ್ನೂ ಮೂರು ತಿಂಗಳ ಮೇಲೆ ಮತ್ತೆ ಕರೆದುಕೊಂಡು ಬಾ, ನೋಡುತ್ತೇನೆ ಎಂದು ಉಮ್ಮ್ ರಾಶಿದ್ ಮಾತು ಕೊಟ್ಟು ಹೋದಳು.

ಮುಂದಿನ ವಾರ ಆದೇಶ ಬಂತು. ಅರಬ್ಬಿ ಭಾಷಾ ಶಿಕ್ಷಕಿ, ರತ್ನಾಬಾಯಿ. ಅಕ್ಷರ ಕಲಿಸಲು ಸಹಾಯಕರು, ಅಬ್ದುಲ್ ಮಜೀದ. ಈ ವಯಸ್ಸಿನಲ್ಲಿ ಸಹಾಯಕ ಹುದ್ದೆಯೇ ಎಂದು ಯಾರೋ ಕೇಳಿದಾಗ ಮಜೀದರು, “ಹಗಲು ಅಕ್ಷರ ಕಲಸ್ತೀನಿ, ಸಂಜೀಕ ಮಾತು ಕಲೀತೀನಿ, ನುಕ್ಸಾನ್ ಏನದ?” ಎಂದರು. ದತ್ತು ಆದೇಶದ ಕಾಗದವನ್ನು ವಾಡಿಯ ಪ್ರತಿ ಅಂಗಡಿಗೂ ತೋರಿಸಿ ಬಂದ. ಅದರ ಮೇಲೆ ಚಹಾದ ಕಲೆ ಬಿದ್ದದ್ದು ಆಗಲೇ.

ಮೊದಲ ದಿನ ಸಾಹೇಬರು ತಾವೇ ಮುಂದೆ ನಡೆದು ತರಗತಿ ತೋರಿಸಿದರು. ಹೊಸ ಬೆಂಚು, ಹೊಸ ಹಲಗೆ, ಗೋಡೆಗೆ ದೊಡ್ಡ ಪರದೆ. “ಇನ್ನೇನಾರ ಬೇಕಿದ್ರ ಹೇಳ್ರಿ ಬಾಯಿಯವ್ರ,” ಎಂದರು.

ರತ್ನಾಬಾಯಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಬಗ್ಗಿ ಟೈಲ್ಸ್ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು ನೋಡಿದಳು. ಗೆರೆ ಹತ್ತಲಿಲ್ಲ, ಜಾರಿತು.

“ಬೆಂಚ ಹೊರಗ ಹಾಕಸ್ರಿ ಸಾಹೇಬ್ರ,” ಎಂದಳು. “ಈ ಅರ್ಧ ಖೋಲಿಗೆ ಫರಸಿ ಹಾಸಸ್ರಿ. ನಾ ಅಲ್ಲಿ ಹೋಟೆಲ್ ಕಟ್ಟಬೇಕು.”

“ಮತ್ತ ಈ ಟೈಲ್ಸ್, ಬಾಯಿ? ಈಗರೆ ಹಾಕಿಸೀವಿ.”

“ಇದೂ ಅರ್ಧ ಇರಲಿ,” ಎಂದಳು ರತ್ನಾಬಾಯಿ. “ಮೊದಲ ಫರಸಿ ಮ್ಯಾಲ ನಡೀತಾರ, ಆಮ್ಯಾಲ ಇದರ ಮ್ಯಾಲ. ಗೆರಿ ಇಲ್ಲದ ನೆಲದಾಗ ನಡಿಯೋದು ನಾ ಕಲಿಸಿದ್ದಿಲ್ಲ, ಅದು ನನ್ನ ತಪ್ಪು. ನಾಕು ಮಂದಿ ಹೊರಗ ಉಳದಾರ.”

ಶಹಾಬಾದಿನಿಂದ ಕಲ್ಲು ಬಂದು ಹಾಸಿ ಮುಗಿದದ್ದು ಎಂಟನೇ ದಿನಕ್ಕೆ. ಒಂಬತ್ತನೇ ದಿನ ಬೆಳಿಗ್ಗೆ ಆಕೆ ಹೊಸ ಫರಸಿಯ ಮೇಲೆ ಬಾಗಿಲು ಬರೆದು, ಅದರ ಹೊರಗೆ ಮೊದಲು ಆ ನಾಲ್ವರನ್ನೇ ನಿಲ್ಲಿಸಿದಳು.

“ಬರ್ರಿ,” ಎಂದಳು, “ಒಳಗ ಬರ್ರಿ.”